ಟ್ಯಾಪ್‌ಲೈನ್ ರೋಡು

ಟ್ಯಾಪ್‌ಲೈನ್ ರೋಡು ಎಂದು ಇವರು ಬರೆದಾಗ
ನಲ್ಲಿ ನೀರಿನ ಪೈಪಿರಬೇಕು ಅಂದುಕೊಂಡಿದ್ದೆ.
ಮರಳುಗಾಡಲ್ಲವೆ, ಪಾಪ,
ಊರೂರಿಗೆ ನೀರು ಬೇಡವೆ?

ನೀರಲ್ಲ, ಎಣ್ಣೆ.
ಅಮೆರಿಕದವರು ಬಂದು, ಈ ಕಡಲಿನ ಎಣ್ಣೆಯನ್ನು
ಲೆಬನಾನಿನ ಕಡಲಿಗೆ ದಾಟಿಸಲು ಕೊಳವೆ ಮಲಗಿಸಿದರಂತೆ;
ಕೊಳವೆ ಕಾಯಲು ಪಕ್ಕದಲ್ಲೊಂದು ರಸ್ತೆ,
ಅಲ್ಲಲ್ಲಿ ಪಂಪು, ಪಂಪು ಕಾಯುವವರಿಗೆ ಊರು.
ಎಣ್ಣೆ ನಿಂತು ಕಾಲವಾಯಿತು.
ರಸ್ತೆಗೆ ಯಾರೂ ಹೇಳಿಲ್ಲ.

ನಾರಿಯಾ ದಾಟುವಾಗ ಬೆಳಗಿನ ಐದೂವರೆ.
ಮಡಿಲಲ್ಲಿ ಅವಲಕ್ಕಿ ಚೂಡ, ಫ್ಲಾಸ್ಕು.
ಇವರ ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್, ನನ್ನದಕ್ಕೆ ವಿಸಿಟ್:
ಮುಗಿಸಿ ಹೊರಟವರೊಬ್ಬರು, ಈಗಷ್ಟೆ ಬಂದವಳೊಬ್ಬಳು.
ಟ್ರೈಲರು ಕಂಪೆನಿಗೆ ಒಪ್ಪಿಸಿಯಾಗಿದೆ,
ಇದು ಅಪ್ಪಿ ಪೂಜಾರಿಯಿಂದ ಕೇಳಿ ತಂದ ಹೈಲಕ್ಸ್.
ಸಣ್ಣ ಸ್ಟಿಯರಿಂಗ್ ಹಿಡಿಯಲು ಇವರಿಗೆ ನಾಚಿಕೆ;
ಪೆಟ್ರೋಲ್ ಬಂಕಿನೊಳಗೂ ಅರ್ಧ ಎಕರೆ ಬಳಸಿ ತಿರುಗುತ್ತಾರೆ.

"ತೋರಿಸಿ ತೋರಿಸಿ ಅಂದಿದ್ದೆಯಲ್ಲ, ನೋಡು."
ನೋಡಿದೆ.
ಒಂದು ಕಡೆ ಕೊಳವೆ. ಇನ್ನೊಂದು ಕಡೆ ಏನೂ ಇಲ್ಲ.
ಕೊಳವೆ ಮರಳಿಗೆ ಮುಳುಗುತ್ತದೆ, ಏಳುತ್ತದೆ,
ಕೌದಿಯೊಳಗಿನ ದಾರದ ಹಾಗೆ.
ಒಂದು ಕಡೆ ಯಾರೋ ಕೊಯ್ದು ಗುಜರಿಗೆ ಒಯ್ದಿದ್ದಾರೆ.
ಒಂಟೆಯೊಂದು ಅದರ ನೆರಳಿಗೆ ಕುತ್ತಿಗೆಯನ್ನಷ್ಟೆ ಇಟ್ಟು ಮಲಗಿದೆ,
ಉಳಿದದ್ದು ಬಿಸಿಲಿಗೆ.

ಕೈಸುಮಾ.
ಇಲ್ಲಿ ಟಯರು ಒಡೆದದ್ದು, ಇಲ್ಲಿ ದಂಡ ಕಟ್ಟಿದ್ದು,
ಇಲ್ಲಿ ಒಬ್ಬ ಮುದುಕ ಖರ್ಜೂರ ಕೊಟ್ಟು ದುಡ್ಡು ಬೇಡವೆಂದದ್ದು.
ಇವರ ಬೆರಳು ಹೋದಲ್ಲೆಲ್ಲ ಅದೇ ಮರಳು.
ಹೂಂ, ಹೂಂ ಅನ್ನುತ್ತೇನೆ,
ಫೋನಿನಲ್ಲಿ ಅಂದ ಹಾಗೆಯೇ.

ಫೋನಿಗೂ ಮೊದಲು ಕ್ಯಾಸೆಟ್ಟು.
ರಜೆಗೆ ಬರುವ ಯಾರಾದರೂ ತರುತ್ತಿದ್ದರು,
ನೋವಿನ ಮುಲಾಮಿನ ವಾಸನೆ ಹಿಡಿದದ್ದು.
ಎ ಬದಿಗೆ ಮಾತು: ಸಾಲ, ಸ್ಕೂಲು ಫೀಸು, ಅತ್ತೆಯ ಮಂಡಿನೋವು.
ಬಿ ಬದಿಯಲ್ಲಿ ಒಂದು ಸಲ, ಮಾತು ನಡುವೆ ನಿಂತು
ಇಪ್ಪತ್ತು ನಿಮಿಷ ಬರೀ ಎಂಜಿನ್ನು.
ಬಾಗಿಲಿನ ಸದ್ದು. ಜಲ್ಲಿಯ ಮೇಲೆ ಹೆಜ್ಜೆ.
ದೂರದಿಂದ ಇವರ ದನಿ, "ವಾಹಿದ್ ಶಾಯ್!"
ಮತ್ತೆ ಎಂಜಿನ್ನು, ಟೇಪು ಮುಗಿಯುವವರೆಗೆ.

ಎಷ್ಟು ಸಲ ಕೇಳಿದೆನೋ.
ನನ್ನ ಮೇಲೆ ಸಿಟ್ಟೆ? ಅಳು ಒತ್ತಿ ಬಂದಿತೆ?
ಬಾಯಿಬಿಟ್ಟು ಹೇಳಲಾಗದ್ದೇನೋ ಅಲ್ಲಿದೆಯೆಂದು
ಸ್ಪೀಕರಿಗೆ ಕಿವಿ ಒತ್ತಿ ಒತ್ತಿ
ಕೆನ್ನೆಯ ಮೇಲೆ ಜಾಲರಿ ಮೂಡುತ್ತಿತ್ತು.
ವಾಹಿದ್ ಶಾ ಯಾರೋ ಸ್ನೇಹಿತನಿರಬೇಕೆಂದು
ಪ್ರತಿ ಕಾಗದದ ಕೊನೆಗೆ ಬರೆದೆ:
ವಾಹಿದರಿಗೂ ನನ್ನ ನಮಸ್ಕಾರ ತಿಳಿಸಿ.

ರಫ್ಹಾಕ್ಕೆ ನಲವತ್ತು ಕಿಲೋಮೀಟರಿರುವಾಗ ಕೇಳಿಯೇಬಿಟ್ಟೆ.
ಇವರು ಕನ್ನಡಿ ನೋಡಿದರು,
ಹಿಂದೆ ಯಾರಾದರೂ ಕೂತಿದ್ದಾರೇನೋ ಎಂಬಂತೆ.
"ಅದಾ? ಚಾ ಕುಡಿಯಲು ಇಳಿದೆ ಮಾರಾಯ್ತಿ.
ಟೇಪು ನಿಲ್ಲಿಸಲು ಮರೆತುಹೋಗಿತ್ತು."
ಸ್ವಲ್ಪ ತಡೆದು,
"ವಾಹಿದ್ ಅಂದರೆ ಒಂದು."

ಮತ್ತೆ, ವಾಹಿದ್ ಆರಾಮ ಇದ್ದಾನೆ ಎಂದು ಬರೆಯುತ್ತಿದ್ದಿರಲ್ಲ?
"ನೀನು ಅಷ್ಟು ಕೇಳುತ್ತಿದ್ದೆ. ಇರಲಿ ಎಂದೆ."

ನಕ್ಕೆವು. ಗಾಡಿ ಗೆರೆ ದಾಟಿ
ಎದುರಿನ ಲಾರಿಯವ ಹಾರ್ನ್ ಹೊಡೆಯುವಷ್ಟು ನಕ್ಕೆವು.
ನಗು ಎಲ್ಲಿ ನಿಂತಿತೋ, ಆಮೇಲೆ ಬಹಳ ಹೊತ್ತು
ಬರೀ ಎಂಜಿನ್ನು.

ರಫ್ಹಾದ ಹೊರಗೆ ತಗಡಿನ ಚಾದಂಗಡಿ.
ಅದೇ ಅಂಗಡಿಯೋ ಅಲ್ಲವೋ, ಇವರಿಗೂ ಗೊತ್ತಿಲ್ಲ.
"ನೀನು ಕೂತಿರು, ಏಸಿ ಇರಲಿ" ಎಂದು
ಗಾಡಿ ಚಾಲೂ ಬಿಟ್ಟು ಇಳಿದರು.
ಬಾಗಿಲಿನ ಸದ್ದು. ಜಲ್ಲಿಯ ಮೇಲೆ ಹೆಜ್ಜೆ;
ಈಗ ಬಲಗಾಲು ಸ್ವಲ್ಪ ಎಳೆಯುತ್ತದೆ.
ಗಾಜು ಇಳಿಸಿದೆ, ಬಿಸಿಗಾಳಿ ಮುಖಕ್ಕೇ ಹೊಡೆಯಿತು.

"ಇತ್ನೇನ್ ಶಾಯ್!"

ಅರಬ್ಬಿ ನನಗೆ ಬಾರದು.
ಎರಡು ಇರಬೇಕು.