ಮೂವತ್ತನೆಯ ಸೆಕೆಂಡು

ಗ್ಲಾಸ್ಗೋದ ಡಂಬಾರ್ಟನ್ ರಸ್ತೆಯಲ್ಲಿ
ಮೀನು ಕರಿಯುವ ಅಂಗಡಿಯ ಮೇಲೆ ನನ್ನ ಕಚೇರಿ.
ಜನರ ಲೆಕ್ಕಪತ್ರಕ್ಕೆಲ್ಲ ಎಣ್ಣೆಯ ವಾಸನೆ.
ಮೂರು ತಿಂಗಳಿಗೊಮ್ಮೆ ಮೊರಾಗ್ ಗಿಲ್‌ಕ್ರಿಸ್ಟ್
ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದು
ಮಡಚಿದ ಕಾಗದ ಮೇಜಿನ ಮೇಲಿಟ್ಟು
'ಓದು' ಅನ್ನುತ್ತಾಳೆ.
ಕನ್ನಡಕ ತಂದಿರುವುದಿಲ್ಲ. ಯಾವತ್ತೂ.

ಓದುತ್ತೇನೆ: ಹನ್ನೊಂದು ಲಕ್ಷದ ನಲವತ್ತು ಸಾವಿರ ಸಲ
ಕೇಳಿದ್ದಾರೆ ನಿನ್ನನ್ನು.
ಮನಿಲಾದಲ್ಲಿ, ಮಾಂಟೆವಿಡಿಯೋದಲ್ಲಿ,
ನನ್ನ ನಾಲಿಗೆ ಹೊರಳದ ಊರುಗಳಲ್ಲಿ.
'ಅಷ್ಟು ಜನವೇ!'
ಗೂನು ಬೆನ್ನು ನೆಟ್ಟಗಾಗುತ್ತದೆ,
ದೀಪಗಳು ಈಗಷ್ಟೇ ಅವಳತ್ತ ತಿರುಗಿದ ಹಾಗೆ.
ಆಮೇಲೆ ಕೆಳಗಿನ ಸಾಲು:
ಇನ್ನೂರ ಹದಿನಾರು ಪೌಂಡು.

ಹನಿಗೂಡಿದರೆ ಹಳ್ಳ ಎಂಬ ಮಾತು ಸುಳ್ಳಲ್ಲ.
ಹನಿ ಕೂಡಿದೆ, ಹಳ್ಳವೂ ಆಗಿದೆ,
ದಡ ಮೀರಿ ಹಗಲಿರುಳು ಹರಿಯುತ್ತಿದೆ.
ತೂಬಿನ ಕೀಲಿ ಮಾತ್ರ
ಎಂಬತ್ತನಾಲ್ಕರಲ್ಲಿ ಅವಳು ರುಜು ಹಾಕಿದ
ಹದಿನೇಳನೆಯ ಪುಟದಲ್ಲಿದೆ.
ಇಪ್ಪತ್ತೆರಡರ ಹುಡುಗಿ, ಹೊಸ ಬೂಟು, ಉಕ್ಕುವ ಶಾಂಪೇನು.
ಹದಿನಾರರ ತನಕ ಓದಿದ್ದಳಂತೆ.

ಹಳೆಯ ಲೆಕ್ಕ ನನಗೆ ತಿಳಿಯುತ್ತಿತ್ತು:
ಒಬ್ಬ ಪೋರ ಶನಿವಾರ ಅಂಗಡಿಗೆ ಹೋಗಿ
ರೆಕಾರ್ಡೊಂದು ಕೊಂಡ. ಆಮೇಲೆ ಸವೆಯುವ ತನಕ ಕೇಳಲಿ,
ಜಗಳವಾಡಿ ಗೋಡೆಗೆ ಎಸೆಯಲಿ,
ಅವಳ ಪಾಲು ಅವಳಿಗೆ ಬಂದಾಯಿತು.
ಈಗ ಯಾರೂ ಕೊಳ್ಳುವುದಿಲ್ಲ.
ಅದೇ ಪೋರ, ಈಗ ಅಜ್ಜ, ಅದನ್ನೇ ಕೇಳುವಾಗೆಲ್ಲ
ಅವಳು ಬಾಗಿಲಲ್ಲಿ ಕೈಚಾಚಿ ನಿಲ್ಲಬೇಕು,
ಕಾಸಿನ ಚೂರಿಗೆ, ಚೂರಿನ ಚೂರಿಗೆ.

'ಈಗಿನ ಹುಡುಗಿಯರಿಗೆ?'
ಕೆಲವರಿಗೆ ಧಾರಾಳ ಬರುತ್ತದೆ ಅಂದೆ,
ಮಳೆ ಸಮುದ್ರದ ಮೇಲೇ ಹೆಚ್ಚು ಸುರಿಯುವ ಹಾಗೆ.

ಇನ್ನೊಂದು ನಿಯಮ ಹೇಳಬಾರದಿತ್ತು. ಹೇಳಿದೆ.
ಮೂವತ್ತು ಸೆಕೆಂಡು ಕೇಳಿದರಷ್ಟೇ ಜಮಾ.
ಮೂವತ್ತೊಂದಕ್ಕೆ ಎದ್ದುಹೋದರೂ ಪೂರ್ತಿ ಕೇಳಿದಂತೆಯೇ.
ಮೊರಾಗ್ ಕಣ್ಣು ಮುಚ್ಚಿದಳು,
ತುಟಿಯಲ್ಲೇ ಗುನುಗುತ್ತ ಬೆರಳು ಮಡಚಿದಳು.
ಆ ಹಾಡು ಶುರುವಾಗುವುದು ಬರೀ ಸ್ಯಾಕ್ಸೊಫೋನಿನಿಂದ,
ಕ್ಲೈಡ್ ನದಿಯ ಮಂಜಿನಲ್ಲಿ
ಹಡಗೊಂದು ದಾರಿ ಕೇಳಿದಂತೆ.
ಅವಳು ಬಾಯಿ ತೆರೆಯುವುದು
ನಲವತ್ತೊಂದನೆಯ ಸೆಕೆಂಡಿಗೆ.

'ಅಂದರೆ ನಾನು ಹಾಡುವ ಮೊದಲೇ ಬಂದ ದುಡ್ಡು ಇದು.'
ನಾನು ಸುಮ್ಮನಿದ್ದೆ.
ಕೆಳಗೆ ಯಾರೋ, ವಿನಿಗರ್ ಇನ್ನಷ್ಟು ಸುರಿ, ಅಂದರು.
'ಇದು ಲಾಕಿಯ ದುಡ್ಡು.'

ಲಾಕಿ ಬ್ಯಾನರ್‌ಮನ್. ಒಂದು ಮಧ್ಯಾಹ್ನ ನುಡಿಸಿ
ನಲವತ್ತು ಪೌಂಡು ಜೇಬಿಗಿಳಿಸಿ ಹೊರಟವನು.
ಯಾವ ಪುಟದಲ್ಲೂ ಅವನ ರುಜು ಇಲ್ಲ.
ಮೂವತ್ತು ವರ್ಷ ದಡದಿಂದ ದಡಕ್ಕೆ
ಫೆರಿಯಲ್ಲಿ ಟಿಕೆಟ್ ಹರಿದ.
ಈಗ ಗ್ರೀನಕ್‌ನಲ್ಲಿದ್ದಾನೆ, ಶ್ವಾಸಕೋಶ ಒಂದೂವರೆ.

ಮೊದಲು ನನ್ನ ಸಂಬಳ ಎಣಿಸಿಟ್ಟಳು.
ಬೇಡ ಅನ್ನಬಹುದಿತ್ತು, ಅನ್ನಲಿಲ್ಲ,
ನನಗೂ ಬಾಡಿಗೆ ಇದೆ.
ಉಳಿದದ್ದರಲ್ಲಿ ಅರ್ಧ ಲಕೋಟೆಗೆ ತುಂಬಿ
ರೈಲಿನ ವೇಳೆ ಕೇಳಿದಳು.

ಮುಂದಿನ ಸಲ ಬಂದಾಗ ಕಾಗದ ತೆಗೆಯುವ ಮೊದಲೇ ನಗು.
ಲಾಕಿ ಲಕೋಟೆ ಮುಟ್ಟಲಿಲ್ಲವಂತೆ.
ಎಷ್ಟು ಜನ ಕೇಳಿದ್ದಾರೆ ಅಂದನಂತೆ.
ಸಂಖ್ಯೆ ಹೇಳಿದರೆ ತಲೆ ಹಿಡಿದುಕೊಂಡನಂತೆ:
'ಇಪ್ಪತ್ತಮೂರನೆಯ ಸೆಕೆಂಡಿನಲ್ಲಿ ಅಪಸ್ವರ ಇದೆ ಕಣೇ,
ಅವತ್ತು ಮತ್ತೊಮ್ಮೆ ನುಡಿಸುತ್ತೇನೆ ಅಂದೆ,
ಸ್ಟುಡಿಯೋ ಗಂಟೆ ಮುಗಿಯಿತು ಅಂದರು.
ಅಷ್ಟೂ ಜನಕ್ಕೆ ಕೇಳಿಸಿತೇ?'

ಅವಳು ಹೋದ ಮೇಲೆ ಬಾಗಿಲು ಹಾಕಿ
ಫೋನಿನಲ್ಲಿ ಹುಡುಕಿ ಹಚ್ಚಿದೆ.
ಮಂಜು, ಹಡಗು, ಇಪ್ಪತ್ತೆರಡು, ಇಪ್ಪತ್ತಮೂರು...
ನನಗೇನೂ ಗೊತ್ತಾಗಲಿಲ್ಲ.
ಮತ್ತೆ ಹಾಕಿದೆ.