ಕೊಳೆತ ಸೀಗಡಿ

ಒಂಬತ್ತು ದಿನ ಬಿಸಿಲಿಗಿಟ್ಟ ಸೀಗಡಿ,
ಮುಚ್ಚಳ ತೆಗೆದರೆ ದೋಣಿಯೂ ಮೂಗು ಮುಚ್ಚಿಕೊಳ್ಳಬೇಕು.
ರೊಸೌರಾ ಆ ಡಬ್ಬವನ್ನು
ಮನೆಯಿಂದ ಮೂವತ್ತು ಹೆಜ್ಜೆ ಆಚೆ ಇಡಿಸಿದ್ದಾಳೆ,
ಕೆಲವು ರಾತ್ರಿ ನನ್ನನ್ನೂ.

ಚಿಟ್ಟೆ ಅಂದರೆ ಹೂವು ಅಂದುಕೊಂಡವರು
ನಾಪೋ ನದಿಯ ಈ ದಡಕ್ಕೆ ಬರಬೇಕು.
ಮೇಲಿನವಕ್ಕೆ ಹೂವು ಬೇಡ,
ಹೆಣದ ರಸ ಬೇಕು, ಹುಳಿಬಂದ ಬಾಳೆ ಬೇಕು, ಮಂಗನ ಉಚ್ಚೆ ಬೇಕು.

ಹಗ್ಗ ಸೊಂಟಕ್ಕೆ, ಬಲೆಯ ಗೂಡು ಬೆನ್ನಿಗೆ.
ಸೆಯ್ಬೋ ಮರದ ಬೇರೇ ನನ್ನ ಮನೆಯ ಗೋಡೆಗಿಂತ ಎತ್ತರ.
ಹತ್ತು ಮೀಟರಿಗೆ ಸೊಳ್ಳೆ ಕೆಳಗುಳಿಯುತ್ತವೆ,
ಇಪ್ಪತ್ತಕ್ಕೆ ಜನರ ಮಾತು,
ಮೂವತ್ತೈದಕ್ಕೆ ನೆರಳು.
ಆಮೇಲೆ ಬರೀ ಬೆಳಕು, ಗಾಳಿ, ಇರುವೆ.
ಕಾಡಿಗೂ ಒಂದು ಮಾಳಿಗೆಯಿದೆ,
ಅಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ದಾರೆ.

ಅದು ಕೂತಿತ್ತು. ಒಣಗಿದೆಲೆಯ ಬಣ್ಣ.
ಇಂಥವು ಸಾವಿರ ಕಂಡಿದ್ದೇನೆ.
ಆದರೆ ಇದು ತಲೆ ಕೆಳಗು ಮಾಡಿ ಕೂತಿತ್ತು,
ಉಳಿದವು ಹಾಗೆ ಕೂರುವುದಿಲ್ಲ.
'ಇದು ಬೇರೆ' ಅಂದೆ, ಇಳಿದು ಬಂದು.
ಡಾಕ್ಟರ್ ಇನೆಸ್ ಚಿಕೈಸಾ ಕನ್ನಡಕ ಹಣೆಗೇರಿಸಿ
'ಅದೇ ಹಳೆಯದು, ಅಬ್ದೋನ್' ಅಂದರು.
ಆದರೂ ಎದೆಯನ್ನು ಎರಡು ಬೆರಳಲ್ಲಿ ಅದುಮಿ
(ಟಕ್, ಅಷ್ಟೇ ಸದ್ದು)
ಮೂರು ಮೂಲೆಯ ಕಾಗದದಲ್ಲಿ ಮಡಿಸಿ
ಪೆನ್ಸಿಲಿನಲ್ಲಿ ತಾರೀಕು ಬರೆದುಕೊಂಡರು.

ನೆರೆ ಎರಡು ಸಲ ಬಂದು ಹೋಯಿತು.
ಮಗಳು ಈಜು ಕಲಿತಳು.
ಕೀಟೋದಿಂದ ಅವರೇ ಬಂದರು, ಕೈಯಲ್ಲೊಂದು ಹಾಳೆ:
ಬಾಲದ ತುದಿಯ ಕೊಕ್ಕೆ,
ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂಥದ್ದು,
ಬೇರೆಯೇ ಇತ್ತಂತೆ.
ಮ್ಯೂಸಿಯಮ್ಮಿನ ಡ್ರಾಯರಿನಲ್ಲೂ ಇಂಥದೇ ಇನ್ನೊಂದು
ಯಾರದೋ ಹೆಸರು ಹೊತ್ತು
ನಾನು ಹುಟ್ಟುವ ಮೊದಲಿಂದ ಸೂಜಿಯ ಮೇಲೆ ನಿಂತಿತ್ತಂತೆ.

'ಅಬ್ದೋನಿ.' ನನ್ನ ಹೆಸರಿಗೊಂದು 'ಇ' ಬಾಲ.
'ಆ ಇ ಅಂದರೇನು?'
'ಅಬ್ದೋನನದು ಅಂತ.'
ರೊಸೌರಾ ನಕ್ಕಳು, ಮರಗೆಣಸು ಸುಲಿಯುತ್ತಲೇ:
'ಹಗ್ಗ ನಿಮ್ಮದು, ದೋಣಿ ಇವನಣ್ಣನದು,
ಅಂತೂ ಇವನದು ಅಂತ ಒಂದಾಯಿತು,
ಅದೂ ಸತ್ತದ್ದು.'

ಮರುದಿನ ಮತ್ತೆ ಹತ್ತಿದೆ, ಅದೇ ಕೊಂಬೆ.
ಗೂಡು ಖಾಲಿ.
ಹೊರಗೆ, ನನ್ನ ಮುಂಗೈಯ ಬೆವರಿಗೆ ಬಂದು ಕೂತಿತು ಒಂದು,
ತಲೆ ಕೆಳಗೆ.
ನಾಲಗೆಯ ಸುರುಳಿ ಬಿಚ್ಚಿ
ಉಪ್ಪು ಹೀರತೊಡಗಿತು, ಯಾರ ಉಪ್ಪೆಂದು ಕೇಳದೆ.

ಹಗ್ಗ ಕೆಳಗಿನಿಂದ ಎರಡು ಸಲ ಜಗ್ಗಿತು:
ಏನಾದರೂ ಸಿಕ್ಕಿತೇ?
ಉತ್ತರಕ್ಕೆ ಕೈ ಬೇಕು.
ಕೈಗೆ ಬಿಡುವಿರಲಿಲ್ಲ.