ಹದ

ನಾನು ಯಾರನ್ನೂ ಮುಟ್ಟಲಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ.
ಮೂವತ್ತು ವರ್ಷದಿಂದ ಎಲ್ಲಕ್ಕಿಂತ ಮೊದಲು
ಇದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಯಾದವಗಿರಿಯಲ್ಲಿ ಬೋರ್ಡಿಲ್ಲದ ಬಂಗಲೆ.
ಮಂಗಳವಾರ, ಶುಕ್ರವಾರ, ಗಂಗೋತ್ರಿಯ ಕ್ಲಾಸು ಮುಗಿಸಿ
ಸ್ಕೂಟರಿನಲ್ಲಿ ಹೋಗುತ್ತಿದ್ದೆ.
ಗೌರವಧನಕ್ಕೆ ರಸೀದಿ ಇರಲಿಲ್ಲ.
ಕಾಫಿ ಚೆನ್ನಾಗಿರುತ್ತಿತ್ತು.

ಬೋರಲಿಂಗ, ಕೆರಗೋಡಿನ ಕಡೆಯವನು, ಇಪ್ಪತ್ತಮೂರು.
ಹನ್ನೊಂದು ದಿನ ಬಾಯಿ ಬಿಟ್ಟಿರಲಿಲ್ಲ.
ನನ್ನೆದುರು ಬಿಟ್ಟ.
ಡಾಕ್ಟರು ಎಂದುಕೊಂಡ; ನಾನು ಅಲ್ಲ ಎನ್ನಲಿಲ್ಲ.
ಕೋಳ ಬಿಚ್ಚಿಸಿದೆ. ‘ನಿದ್ದೆ ಬರ್ತದಾ ಮಗಾ?’ ಅಂದೆ.
ಆ ‘ಮಗಾ’ ಕೂಡ ಓದಿ ಕಲಿತದ್ದು.

ಅವನಿಗೆ ಒಂಬತ್ತು, ತಮ್ಮನಿಗೆ ನಾಲ್ಕು.
ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು.
ಇವನು ಒಂದು ಜಲ್ಲೆ ಮುರಿಯಲು ಆ ಕಡೆ ತಿರುಗಿದ್ದ,
ಅಷ್ಟೇ.
‘ಆಮ್ಯಾಕೆ ನಮ್ಮವ್ವ ಮನ್ಗೆ ಬೆಲ್ಲ ತರ್ನಿಲ್ಲ ಸಾ,
ಹಬ್ಬಕ್ಕೂವೆ.’

ವರದಿಯಲ್ಲಿ ನಾನು ಬರೆದದ್ದು ಒಂದೇ ಸಾಲು,
ಕರ್ಮಣಿ ಪ್ರಯೋಗದಲ್ಲಿ:
ಬೆಲ್ಲದ ಪಾಕದ ವಾಸನೆಗೆ ತೀವ್ರ ಪ್ರತಿಕ್ರಿಯೆ ಗಮನಿಸಲಾಗಿದೆ.
ಬಳಸಿ ಎಂದು ಬರೆಯಲಿಲ್ಲ.
ಬಳಸಬೇಡಿ ಎಂದೂ.

ಶುಕ್ರವಾರ ಗೇಟಿನವರೆಗೂ ಘಮ.
ಹಿತ್ತಿಲಲ್ಲಿ ಒಲೆ ಹೂಡಿ ಅಡುಗೆಯವನು ಸೌಟಾಡಿಸುತ್ತಿದ್ದ,
ಯಾರದೋ ಮನೆಯ ಮದುವೆ ಎಂಬಂತೆ.
ಮುಚ್ಚಿದ ಬಾಗಿಲ ಹಿಂದಿನಿಂದ ಬಂದದ್ದು ಕಿರುಚಾಟವಲ್ಲ,
ಒಂದು ಹೆಸರು. ಮತ್ತೆ ಅದೇ ಹೆಸರು.
ಅವರಿಗೆ ಬೇಕಾಗಿದ್ದ ಹೆಸರಲ್ಲ ಅದು.
ಸಾಹೇಬರು ಕೇಳಿದರು: ‘ಹದ ಬಂತಾ, ಪ್ರೊಫೆಸರ್ರೇ?’
ನಾನು ಗಡಿಯಾರ ನೋಡಿದೆ.
‘ಇನ್ನು ಹತ್ತು ನಿಮಿಷ’ ಅಂದೆ.

ಸೋಮವಾರ ಎಂ.ಎ. ಹುಡುಗರಿಗೆ ಗೋಪ್ಯತೆಯ ಪಾಠ:
ನಂಬಿ ಹೇಳಿದ್ದು ಹೇಳಿದವನದು, ಕೇಳಿದವನದಲ್ಲ.
ಚೆನ್ನಾಗಿಯೇ ಮಾಡಿದೆ.
ಹಿಂದಿನ ಬೆಂಚಿನವರೂ ಬರೆದುಕೊಂಡರು.

ಇವತ್ತು ಸಂಕ್ರಾಂತಿ.
ಪಕ್ಕದ ಮನೆಯ ಹುಡುಗಿ, ಇನ್ನೂ ಗಂಜಿ ಬಿಡದ ಹೊಸ ಲಂಗ,
ತಟ್ಟೆ ಚಾಚಿ ಬಾಯಿಪಾಠ ಒಪ್ಪಿಸುತ್ತಾಳೆ:
‘ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ, ತಾತ.’
ಕೊಬ್ಬರಿ ಹೆಕ್ಕಿದೆ. ಸಕ್ಕರೆ ಅಚ್ಚಿನ ಗಿಳಿಯೊಂದನ್ನು ಎತ್ತಿಕೊಂಡೆ.
ಬೆಲ್ಲದ ಚೂರುಗಳನ್ನು ಬೆರಳಲ್ಲಿ ಬದಿಗೆ ಸರಿಸಿದೆ.

ಅವಳು ಹೋಗುತ್ತಿಲ್ಲ.
ತಟ್ಟೆ ಹಿಡಿದೇ ನಿಂತು
ನನ್ನ ಬಾಯನ್ನೇ ನೋಡುತ್ತಿದ್ದಾಳೆ.